ನಡುದಾರ್‍ಯಾಗ ಹವಾ ಹೋದ್ರ

(ಅಕ್ಕಲಕೋಟೆ ತಾಲೂಕಿನ ಒಂದು ಸಂಜೆ ಸಾಕ್ಷರತಾ ವರ್ಗದಲ್ಲಿ ಸಂಯೋಜಕರು ಆಡಿದ ಮಾತು. ಮಾತಿನ ಧಾಟಿ ಹಾಗೆಯೇ ಉಳಿಸಿದೆ. ಓದುವಾಗ ದೊಡ್ಡ ಧ್ವನಿಯಲ್ಲಿ ಓದಿರಿ.)



ಹೋದ ವಾರ ಒತ್ತಕ್ಷರ ಕಲಿತೆವು. ಇವತ್ತು ಹಲಗೆಯ ಮೇಲೆ ಒಂದೇ ಶಬ್ದ ಬರೆದೀನಿ. ಪಂಕ್ಚರ್. ಸಣ್ಣ ಶಬ್ದ. ಆದರೆ ಓದಲಿಕ್ಕೆ ತ್ರಾಸು. ಮೊದಲು 'ಪ'. ಅದರ ಮುಂದೆ ಸೊನ್ನೆ. ಆಮೇಲೆ 'ಕ'ಕ್ಕೆ 'ಚ' ಒತ್ತು. ಕೊನೆಗೆ ಅರ್ಧ 'ರ'. ನಾಲಿಗೆ ಹೊರಳೂದಿಲ್ಲ. ಅದಕ್ಕ ನಮ್ಮ ಮಂದಿ ಅದನ್ನ ಹಗುರ ಮಾಡಿ 'ಪಂಚರ್' ಅಂತಾರ. ಅಂಗಡಿ ಬೋರ್ಡಿನ ಮ್ಯಾಲೂ ಹಂಗೇ ಬರೀತಾರ. ತಪ್ಪಲ್ಲ ಬಿಡ್ರಿ, ಎಲ್ಲರಿಗೂ ತಿಳೀತದ. ಖರೇ ಅಂದ್ರ ಆ ಅಂಗಡಿಗೆ ಬೋರ್ಡೇ ಬೇಕಾಗಿಲ್ಲ. ರಸ್ತೆ ಬಾಜೂ ಬೇವಿನ ಗಿಡಕ್ಕ ಒಂದು ಹಳೇ ಟೈರು ಜೋತು ಬಿದ್ದಿದ್ರ ಸಾಕು. ಕನ್ನಡ ಬರೋರಿಗೆ, ಮರಾಠಿ ಬರೋರಿಗೆ, ಏನೂ ಓದಾಕ ಬರದವರಿಗೆ, ಮೂವರಿಗೂ ಗೊತ್ತಾಗ್ತದ.

ಈ ವಿಷಯ ಯಾಕ ತಗೊಂಡೆ ಅಂದ್ರ, ವರ್ಗ ಸುರು ಆಗೂಕಿಂತ ಮೊದಲು ಒಂದು ಪ್ರಶ್ನೆ ಕೇಳಿದೆ. ಮನ್ಯಾಗ ಸೈಕಲ್ಲು, ಮೋಟರ್ ಸೈಕಲ್ಲು, ಟ್ರ್ಯಾಕ್ಟರು, ಟೈರಿನ ಗಾಡಿ, ಇದರಾಗ ಒಂದೂ ಇಲ್ಲದವರು ಯಾರಿದ್ದೀರಿ ಅಂತ. ಒಬ್ಬರೂ ಕೈ ಎತ್ತಲಿಲ್ಲ. ಅಂದಮ್ಯಾಲೆ ಈ ಪಾಠ ಎಲ್ಲರದೂ.

ಮೊದಲು ಮೋಟರ್ ಸೈಕಲ್ಲಿನ ಮಾತು. ಗಾಡಿ ಓಡುವಾಗಲೇ ಹವಾ ಹೋದರೆ ಏನಾಗುತ್ತದೆ? ಹಿಂದಿನ ಗಾಲಿಯ ಹವಾ ಹೋದರೆ ಗಾಡಿಯ ಬಾಲ ಅತ್ತ ಇತ್ತ ಅಲ್ಲಾಡುತ್ತದೆ. ಎಮ್ಮಿ ನಡದಂಗ. ಮುಂದಿನ ಗಾಲಿಯ ಹವಾ ಹೋದರೆ ಹ್ಯಾಂಡಲ್ ಒಮ್ಮೆಲೇ ಭಾರ ಆಗುತ್ತದೆ, ಒಂದು ಕಡೆ ಎಳೆಯುತ್ತದೆ. ಇದು ಹೆಚ್ಚು ಅಪಾಯ. ಎರಡರಲ್ಲೂ ಮೊದಲ ಕೆಲಸ ಒಂದೇ. ಹ್ಯಾಂಡಲ್ ನೆಟ್ಟಗೆ ಹಿಡಿಯಿರಿ, ರೇಸ್ ಬಿಡಿರಿ. ಗಾಡಿ ತಾನೇ ಮೆತ್ತಗಾಗಲಿ.

ಗಾಬರಿಯಾಗಿ ಗಪ್ಪನೆ ಬ್ರೇಕ್ ಒತ್ತಬ್ಯಾಡ್ರಿ. ಹವಾ ಇಲ್ಲದ ಗಾಲಿಗೆ ಬ್ರೇಕ್ ಹಚ್ಚಿದರೆ ಟೈರು ರಿಮ್ಮಿನಿಂದ ಸರಿಯುತ್ತದೆ. ಆಗ ಗಾಡಿ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ. ಬ್ರೇಕ್ ಬೇಕೇ ಬೇಕಾದರೆ ಹವಾ ಇರುವ ಗಾಲಿಯದನ್ನು ಮೆಲ್ಲಕ ಹಿಡಿಯಿರಿ. ಮುಂದಿನ ಗಾಲಿ ಕೆಟ್ಟಿದ್ದರೆ ಹಿಂದಿನ ಬ್ರೇಕು, ಹಿಂದಿನದು ಕೆಟ್ಟಿದ್ದರೆ ಮುಂದಿನ ಬ್ರೇಕು. ಗಾಡಿ ಸಾವಕಾಶ ಆದ ಮೇಲೆ ಎಡಕ್ಕೆ ತಗೊಳ್ಳಿರಿ.

ಹಿಂದೆ ಕೂತವರಿಗೂ ಒಂದು ಮಾತು ಇದೆ. ನಮ್ಮ ಕಡೆ ಹೆಣ್ಣುಮಕ್ಕಳು ಒಂದೇ ಬದಿಗೆ ಕಾಲು ಹಾಕಿ ಕೂಡ್ತೀವಿ. ಬಗಲಾಗ ಕೂಸು, ತೊಡಿ ಮ್ಯಾಲೆ ಚೀಲ. ಗಾಡಿ ಅಲ್ಲಾಡಿದ ಕೂಡಲೇ 'ಯವ್ವಾ' ಅಂತ ಜಿಗಿಯಾಕ ನೋಡ್ತೀವಿ. ಹಂಗ ಮಾಡಬ್ಯಾಡ್ರಿ. ನೀವು ಸರಿದಾಡಿದರೆ ಗಾಡಿ ಇನ್ನೂ ವಾಲುತ್ತದೆ. ಹೊಡೆಯುವವರನ್ನು ಗಟ್ಟಿ ಹಿಡಿದು ಸುಮ್ಮನೆ ಕೂಡ್ರಿ. ಗಾಡಿ ಪೂರಾ ನಿಂತ ಮೇಲೆ ಇಳಿಯಿರಿ. ಇದನ್ನು ಮನೆಯಲ್ಲಿ ಮಾತಾಡಿ ಇಟ್ಟುಕೊಳ್ಳಿರಿ. ನಡುದಾರಿಯಲ್ಲಿ ಹೇಳಿ ಕೊಡಲಿಕ್ಕೆ ಹೊತ್ತು ಇರುವುದಿಲ್ಲ.

ಗಾಡಿ ನಿಂತಿತು. ಈಗ ಬಹಳ ಮಂದಿ ಒಂದು ಮಾತು ಅಂತಾರ. 'ಊರು ಇಲ್ಲೇ ಎರಡು ಕಿಲೋಮೀಟರ್ ಅದ, ಹಂಗೇ ಹೊಡಕೊಂಡು ಹೋಗೂಣು.' ಹೋಗಬ್ಯಾಡ್ರಿ. ಹವಾ ಇಲ್ಲದೆ ಓಡಿಸಿದರೆ ರಿಮ್ಮು ಮತ್ತು ರಸ್ತೆಯ ನಡುವೆ ಟ್ಯೂಬು ಅರೆದು ಹೋಗುತ್ತದೆ. ವಾಲಿನ ಬುಡಕ್ಕೇ ಹರಿಯುತ್ತದೆ. ಅಲ್ಲಿ ಹರಿದ ಟ್ಯೂಬಿಗೆ ಪ್ಯಾಚ್ ಕೂಡುವುದಿಲ್ಲ. ಟೈರಿನ ಬದಿಯೂ ಒಡೆಯುತ್ತದೆ. ಒಂದು ಪ್ಯಾಚಿನಲ್ಲಿ ಮುಗಿಯುವ ಖರ್ಚು ಹೊಸ ಟ್ಯೂಬು, ಹೊಸ ಟೈರಿಗೆ ಹೋಗುತ್ತದೆ. ದೂಡಿಕೊಂಡೇ ಹೋಗಬೇಕು. ದೂಡುವಾಗ ಸಾಮಾನು ಇಳಿಸಿ ಒಬ್ಬರು ಹೊರಬೇಕು.

ಇನ್ನು ದೊಡ್ಡ ಮಾತಿಗೆ ಬರ್ತೀನಿ. ಗಾಡಿ ಎಲ್ಲಿ ನಿಲ್ಲಿಸಬೇಕು?

ಪಂಕ್ಚರ್ ಆದ ಕೂಡಲೇ ಮನುಷ್ಯಗ ಗಾಲಿ ಬಿಟ್ಟು ಬ್ಯಾರೆ ಏನೂ ಕಾಣಂಗಿಲ್ಲ. ಬಗ್ಗಿ ಗಾಲಿ ನೋಡ್ತಾನ. ಬೆನ್ನು ರಸ್ತೆ ಕಡೆ ಇರ್ತದ. ಹಿಂದಿನಿಂದ ಬರೋ ಲಾರಿಗೆ ಅವನ ಕರೀ ಬೆನ್ನು ಕಾಣಂಗಿಲ್ಲ. ಪಂಕ್ಚರಿನಿಂದ ಸತ್ತವರು ಕಡಿಮೆ. ಪಂಕ್ಚರ್ ಆದ ಗಾಡಿ ಮುಂದೆ ರಸ್ತ್ಯಾಗ ಕುಂತು ಜೀವ ಕಳಕೊಂಡವರ ಸುದ್ದಿ ಮಾತ್ರ ಪೇಪರಿನ್ಯಾಗ ಮ್ಯಾಲಿಂದ ಮ್ಯಾಲೆ ಬರ್ತದ.

ಅದಕ್ಕೇ ಡಾಂಬರು ಬಿಟ್ಟು ಕೆಳಗೆ ಇಳಿಸಿರಿ. ಟೈರು ಸ್ವಲ್ಪ ಕೆಟ್ಟರೂ ಚಿಂತೆ ಇಲ್ಲ, ಹತ್ತಿಪ್ಪತ್ತು ಮಾರು ಮುಂದೆ ಹೋಗಿ ಅಗಲ ಜಾಗ ಹುಡುಕಿರಿ. ಈಗಷ್ಟೇ ಹೊಡೀಬ್ಯಾಡ್ರಿ ಅಂದೆ, ಈಗ ಹೋಗ್ರಿ ಅಂತೀನಿ. ಎರಡೂ ಖರೇ. ಊರ ತನಕ ಹೊಡೆಯಬಾರದು, ಸುರಕ್ಷಿತ ಜಾಗದ ತನಕ ಮೆಲ್ಲಕ ಹೋಗಬೇಕು. ತಿರುವಿನಲ್ಲಿ, ಸೇತುವೆಯ ಮೇಲೆ, ಏರು ಮುಗಿಯುವ ಕಡೆ ನಿಲ್ಲಬಾರದು. ಆ ಜಾಗದಲ್ಲಿ ಹಿಂದಿನವರಿಗೆ ನೀವು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಗಾಡಿಯಲ್ಲಿ ಕೂತ ಮುದುಕರು, ಮಕ್ಕಳು ಎಲ್ಲರೂ ಇಳಿಯಲಿ. ಇಳಿದು ರಸ್ತೆಯ ಮೇಲೆ ನಿಂತು ತಮಾಷೆ ನೋಡಬಾರದು. ಹೊಲದ ಕಡೆ ದೂರ ಹೋಗಿ ಕೂಡಲಿ.

ಕಾರು, ಜೀಪು ಆದರೆ ನಾಲ್ಕೂ ಇಂಡಿಕೇಟರ್ ಒಮ್ಮೆಗೇ ಮಿಣುಕುವ ಬಟನ್ ಇರುತ್ತದೆ. ಅದರ ಮೇಲೆ ಕೆಂಪು ಮುಕ್ಕೋಣದ ಗುರುತು ಇದೆ. ಅದನ್ನು ಒತ್ತಿರಿ. ಡಿಕ್ಕಿಯಲ್ಲಿ ಮಡಚಿ ಇಟ್ಟ ಕೆಂಪು ಮುಕ್ಕೋಣ ಒಂದು ಇರುತ್ತದೆ. ಬಹಳ ಮಂದಿ ಅದರ ಚೀಲದ ಗಂಟೂ ಬಿಚ್ಚಿರುವುದಿಲ್ಲ. ಅದನ್ನು ತೆಗೆದು ಗಾಡಿಯ ಹಿಂದೆ ಕನಿಷ್ಠ 50 ಹೆಜ್ಜೆ ದೂರ ಇಡಿರಿ. ದೊಡ್ಡ ರಸ್ತೆಯಲ್ಲಿ ಇನ್ನೂ ದೂರ. ಸೊಲ್ಲಾಪುರ–ಅಕ್ಕಲಕೋಟೆ ರಸ್ತೆಯಲ್ಲಿ ಗುರುವಾರ ದಿನ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಗಾಡಿಗಳ ಓಟ ನಿಮಗೆ ಗೊತ್ತೇ ಅದ. ಆ ರಸ್ತೆಯಲ್ಲಿ 50 ಹೆಜ್ಜೆ ಏನೇನೂ ಸಾಲುವುದಿಲ್ಲ. ಮುಕ್ಕೋಣ ಇಲ್ಲದಿದ್ದರೆ ಒಬ್ಬರು ರಸ್ತೆಯ ಬದಿಗೆ ನಿಂತು ಮೊಬೈಲಿನ ಬ್ಯಾಟರಿ ಅಲ್ಲಾಡಿಸಲಿ.

ಈಗ ಕಲ್ಲಿನ ಮಾತು. ಇದು ನಮ್ಮ ಕಡೆಯದೇ ರೋಗ. ಅದಕ್ಕ ಸ್ವಲ್ಪ ಜೋರಾಗಿ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ.

ದೀಪಾವಳಿ ಆಸುಪಾಸಿಗೆ ಕಾರ್ಖಾನೆ ಸುರು ಆದವು ಅಂದ್ರ ನಮ್ಮ ಜಿಲ್ಲಾದಾಗ ಹಗಲು ರಾತ್ರಿ ಕಬ್ಬಿನ ಗಾಡಿ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್. ಕಬ್ಬು ಎರಡೂ ಕಡೆ ಹೊರಗ ಚಾಚಿರ್ತದ. ಹಿಂದಿನ ದೀಪ ಇದ್ದರೂ ಕಬ್ಬಿನ ಸೋಗೆಯಲ್ಲಿ ಮುಚ್ಚಿರ್ತದ. ಇಂಥಾ ಗಾಡಿ ರಾತ್ರಿ ಪಂಕ್ಚರ್ ಆಗಿ ನಿಂತರೆ ಕತ್ತಲಲ್ಲಿ ಕತ್ತಲು ನಿಂತಂಗ. ಆಗ ಡ್ರೈವರ್ ಏನು ಮಾಡ್ತಾನ? ಹೊಲದ ಬದುವಿನ್ಯಾಗಿನ ನಾಕು ದೊಡ್ಡ ಕಲ್ಲು ತಂದು ಒಂದನ್ನ ಗಾಲಿಗೆ ಒತ್ತು ಕೊಡ್ತಾನ, ಉಳಿದವನ್ನ ಗಾಡಿ ಹಿಂದೆ ರಸ್ತ್ಯಾಗ ಸಾಲಾಗಿ ಇಡ್ತಾನ. ಒಂದು ಗಿಡದ ಟೊಂಗಿ ಮುರದು ಹಾಕ್ತಾನ. ಅವನ ಲೆಕ್ಕಕ್ಕ ಅದೇ ಕೆಂಪು ದೀಪ.

ಟೊಂಗಿ ಪಾಡು, ಕಲ್ಲು ಪಾಡಲ್ಲ. ಟೊಂಗೆಗೆ ಬೈಕು ಬಡಿದರೆ ಮನುಷ್ಯ ಎದ್ದು ಬೈತಾನ. ಕಲ್ಲಿಗೆ ಬಡಿದರೆ ಏಳೂದೇ ಕಷ್ಟ. ಇದಕ್ಕೂ ಕೆಟ್ಟದ್ದು ಮುಂದೆ ಅದ. ಗಾಲಿ ಹಾಕಿದ ಮೇಲೆ ಗಾಡಿ ಹೋಗ್ತದ, ಕಲ್ಲು ಅಲ್ಲೇ ಉಳೀತಾವ. ಡಾಂಬರಿನ ನಡುವೆ ಮೊಣಕಾಲು ಎತ್ತರದ ಕರೀ ಕಲ್ಲು. ಗಾಡಿ ಇಲ್ಲ, ದೀಪ ಇಲ್ಲ, ಏನಿಲ್ಲ. ಒಂದು ತಾಸಿನ ಮೇಲೆ ದುಧನಿ ಸಂತಿ ಮುಗಿಸಿ ಗಂಡ ಹೆಂಡತಿ ಕೂಸು ಒಂದೇ ಬೈಕಿನ ಮ್ಯಾಲೆ ಬರ್ತಾರ ಅಂತ ತಿಳೀರಿ. ಎದುರು ಬರುವ ಲಾರಿಯ ಬೆಳಕು ಕಣ್ಣಿಗೆ ಹೊಡೀತದ. ಕಲ್ಲು ಕಾಣೂದು ಎಲ್ಲಿಂದ?

ಕಲ್ಲು ಇಟ್ಟವನು ಕೆಟ್ಟವನಲ್ಲ. ಅವನೂ ರೈತನೇ, ಇಲ್ಲಾ ರೈತನ ಮಗ. ರಾತ್ರಿಯೆಲ್ಲ ನಿದ್ದಿಗೆಟ್ಟಿರ್ತಾನ. ಕಾರ್ಖಾನೆಯಾಗ ನಂಬರ್ ತಪ್ಪತದ ಅಂತ ಅವಸರ. ಆದರೂ ನಾನು ಒಪ್ಪೂದಿಲ್ಲ. ನಾಕು ಕಲ್ಲು ತಂದು ಇಡಾಕ ಹೊತ್ತಿತ್ತು, ಎತ್ತಿ ಒಗಿಯಾಕ ಹೊತ್ತಿಲ್ಲಾ? ರಸ್ತೆಯಲ್ಲಿ ಬೇರೆಯವರಿಗೆ ಅಪಾಯ ಆಗುವಂತೆ ಗಾಡಿ ಬಿಡಬಾರದು ಅಂತ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಕಾಯ್ದೆ ಇರಲಿ. ಇಲ್ಲಿ ಕುಂತ ತಾಯಂದಿರೇ, ನಿಮ್ಮ ಮನಿ ಹುಡುಗ ಟ್ರ್ಯಾಕ್ಟರ್ ಹೊಡೀತಿದ್ರ ಇವತ್ತು ರಾತ್ರಿ ಊಟಕ್ಕ ಕುಂತಾಗ ಕೇಳ್ರಿ: 'ಕಲ್ಲು ತಗದಿ ಏನಪಾ?' ಅಷ್ಟು ಕೇಳ್ರಿ ಸಾಕು. ಮತ್ತ ಟ್ರೇಲರಿನ ಹಿಂದೆ ಹೊಳೆಯುವ ಕೆಂಪು ಪಟ್ಟಿ ಹಚ್ಚಸ್ರಿ. ಅದಕ್ಕ ಕರೆಂಟ್ ಬ್ಯಾಡ, ಬ್ಯಾಟರಿ ಬ್ಯಾಡ. ಹಿಂದಿನ ಗಾಡಿಯ ಬೆಳಕು ಬಿದ್ದರೆ ತಾನೇ ಹೊಳೀತದ. ಪಟ್ಟಿ ಕೆಸರಾಗಿದ್ದರೆ ಮಾತ್ರ ಹೊಳೆಯುವುದಿಲ್ಲ, ವಾರಕ್ಕೊಮ್ಮೆ ಒರೆಸಬೇಕು.

ಎತ್ತಿನ ಟೈರ್ ಗಾಡಿಯವರೂ ಇಲ್ಲಿ ಇದ್ದೀರಿ. ನಿಮ್ಮ ಗಾಡಿಗೆ ಇರುವುದು ಎರಡೇ ಗಾಲಿ. ಒಂದು ಗಾಲಿಯ ಹವಾ ಹೋದರೆ ಪೂರಾ ಭಾರ ಒಂದು ಬದಿಗೆ ವಾಲುತ್ತದೆ. ನೊಗ ತಿರುಚಿ ಒಂದು ಎತ್ತಿನ ಕುತ್ತಿಗೆಗೆ ಬೀಳುತ್ತದೆ. ಅಲ್ಲಿ ಮೊದಲ ಕೆಲಸ ಗಾಲಿ ನೋಡುವುದಲ್ಲ, ಎತ್ತು ನೋಡುವುದು. ಗಾಡಿಗೆ ಆನಿಕೆ ಕೊಟ್ಟು, ಗಾಲಿಗೆ ಒತ್ತುಗಲ್ಲು ಇಟ್ಟು, ಎತ್ತಿನ ಕೊರಳು ಬಿಚ್ಚಿರಿ. ದೂರ ಒಯ್ದು ಕಟ್ಟಿರಿ. ಇದನ್ನು ನಿಮಗೆ ನಾನು ಕಲಿಸಬೇಕಾಗಿಲ್ಲ. ಆದರೂ ಪುಸ್ತಕದಾಗ ಎಲ್ಲಾ ಕಾರಿನ ಮಾತೇ ಇರ್ತದ, ಎತ್ತಿನ ಮಾತು ಯಾರೂ ಬರಿಯಂಗಿಲ್ಲ, ಅದಕ್ಕ ಹೇಳಿದೆ.

ಇನ್ನು ಸ್ಟೆಪ್ನಿ ಹಾಕುವುದು. ಸ್ಟೆಪ್ನಿ ಅಂದ್ರ ಏನು ಅಂತ ಎಲ್ಲರಿಗೂ ಗೊತ್ತು, ಹೆಚ್ಚಿಗಿ ಇಟ್ಟ ಗಾಲಿ. ಆ ಹೆಸರು ಹ್ಯಾಂಗ ಬಂತು ಗೊತ್ತೇನು? ಅದು ಒಂದು ಓಣಿಯ ಹೆಸರು! ಇಂಗ್ಲೆಂಡಿನ ಬಾಜೂ ವೇಲ್ಸ್ ಅಂತ ನಾಡು ಇದೆ. ಅಲ್ಲಿ ಲನೆಲಿ ಎಂಬ ಊರು. ಆ ಊರಲ್ಲಿ ಸ್ಟೆಪ್ನಿ ಅನ್ನುವ ಓಣಿ. 1904ರ ಸುಮಾರಿಗೆ ಅಲ್ಲಿಯ ಡೇವಿಸ್ ಎಂಬ ಅಣ್ಣತಮ್ಮಂದಿರು ಕಾರಿಗೆ ಹೆಚ್ಚಿನ ಗಾಲಿ ಮಾಡಿ ಮಾರಿದರು. ಆಗಿನ ಕಾರಿಗೆ ಅಂಥದ್ದು ಇರಲೇ ಇಲ್ಲ. ಓಣಿಯ ಹೆಸರೇ ಗಾಲಿಗೆ ಆಯಿತು. ಆ ದೇಶದ ಮಂದಿ ಈಗ ಆ ಹೆಸರು ಮರೆತಾರ. ನಮ್ಮ ಅಕ್ಕಲಕೋಟೆ, ಮೈಂದರ್ಗಿಯ ಗ್ಯಾರೇಜಿನ್ಯಾಗ ಅದು ಇನ್ನೂ ಜೀವಂತ ಅದ.

ಸ್ಟೆಪ್ನಿ ಹಾಕುವುದಕ್ಕೆ ಒಂದು ಕ್ರಮ ಇದೆ. ಒಂದರ ಮುಂದೆ ಒಂದು ಬರಬೇಕು, ಹಿಂದೆ ಮುಂದೆ ಆದರೆ ಕೈಕಾಲು ಮುರಿಯುತ್ತದೆ. ಗಾಡಿಗೆ ಹ್ಯಾಂಡ್ ಬ್ರೇಕ್ ಹಾಕಿ, ಗೇರಿನಲ್ಲಿ ಬಿಡಿರಿ. ಕೆಟ್ಟ ಗಾಲಿ ಯಾವ ಮೂಲೆಯಲ್ಲಿ ಇದೆಯೋ ಅದರ ಎದುರು ಮೂಲೆಯ ಗಾಲಿಗೆ ಹಿಂದೆ ಮುಂದೆ ಕಲ್ಲು ಒತ್ತು ಕೊಡಿರಿ. ಆಮೇಲೆ ನಟ್ಟು ಸಡಿಲ ಮಾಡಿರಿ. ಜ್ಯಾಕ್ ಏರಿಸುವ ಮೊದಲೇ ಸಡಿಲ ಮಾಡಬೇಕು, ಏರಿಸಿದ ಮೇಲೆ ಅಲ್ಲ. ಯಾಕಂದ್ರ ಗಾಲಿ ನೆಲ ಬಿಟ್ಟ ಮೇಲೆ ಪಾನಾ ಹಾಕಿ ಜಗ್ಗಿದರೆ ಗಾಲಿಯೇ ತಿರುಗುತ್ತದೆ. ಗಾಡಿ ಅಲುಗಿ ಜ್ಯಾಕ್ ಜಾರುತ್ತದೆ. ನಟ್ಟು ಎಡಕ್ಕೆ ತಿರುಗಿಸಿದರೆ ಸಡಿಲ, ಬಲಕ್ಕೆ ತಿರುಗಿಸಿದರೆ ಬಿಗಿ. ಕೈಗೆ ಬರದಿದ್ದರೆ ಪಾನಾದ ತುದಿ ಮೇಲೆ ಕಾಲಿಟ್ಟು ಒತ್ತಿರಿ. ಶಕ್ತಿಗಿಂತ ಮೈಭಾರ ಹೆಚ್ಚು ಕೆಲಸ ಮಾಡುತ್ತದೆ. ಹೆಣ್ಣುಮಕ್ಕಳ ಕೈಲೆ ಆಗೂದಿಲ್ಲ ಅನ್ನೋರು ಇದನ್ನ ಕೇಳಿಸಿಕೋರಿ.

ಜ್ಯಾಕ್ ಎಲ್ಲಿ ಹಚ್ಚಬೇಕು ಅಂತ ಗಾಡಿಯ ತಳದಲ್ಲಿ ಜಾಗ ಇರುತ್ತದೆ. ಗಾಡಿಯ ಪುಸ್ತಕದಲ್ಲಿ ಅದರ ಚಿತ್ರ ಇರುತ್ತದೆ. ಎಲ್ಲೆಂದರಲ್ಲಿ ಹಚ್ಚಿದರೆ ತಗಡು ಹರಿದು ಗಾಡಿ ಕೆಳಗೆ ಕೂಡುತ್ತದೆ. ನಮ್ಮದು ಎರೆಭೂಮಿ. ಮಳೆಗಾಲದಾಗ ಜ್ಯಾಕ್ ಏರಿಸಿದಂಗೆಲ್ಲ ಜ್ಯಾಕೇ ಭೂಮಿಯಾಗ ಇಳೀತದ, ಗಾಡಿ ಏರಂಗಿಲ್ಲ. ಅದಕ್ಕೆ ಒಂದು ದಪ್ಪ ಹಲಗೆಯ ತುಂಡು ಯಾವಾಗಲೂ ಗಾಡಿಯಲ್ಲಿ ಇರಲಿ. ಜ್ಯಾಕಿನ ಬುಡಕ್ಕೆ ಅದನ್ನು ಹಾಕಿರಿ. ಗಾಡಿ ಜ್ಯಾಕಿನ ಮೇಲೆ ನಿಂತಾಗ ಅದರ ಕೆಳಗೆ ಕೈ ಹಾಕಬೇಡಿ, ತಲೆ ಅಂತೂ ಬೇಡವೇ ಬೇಡ. ಸ್ಟೆಪ್ನಿಯನ್ನು ಗಾಡಿಯ ತಳದಲ್ಲಿ ಅಡ್ಡ ಮಲಗಿಸಿ ಇಡಿರಿ. ಒಂದು ವೇಳೆ ಜ್ಯಾಕ್ ಜಾರಿದರೂ ಗಾಡಿ ಗಾಲಿಯ ಮೇಲೆ ಬೀಳುತ್ತದೆ, ನಿಮ್ಮ ಮೇಲೆ ಬೀಳುವುದಿಲ್ಲ. ಆಮೇಲೆ ಕೆಟ್ಟ ಗಾಲಿ ಬಿಚ್ಚಿ ಅದನ್ನು ಅಲ್ಲಿ ಇಟ್ಟು, ಸ್ಟೆಪ್ನಿ ತೆಗೆದು ಹಾಕಿರಿ.

ನಟ್ಟು ಬಿಗಿ ಮಾಡುವಾಗ ಬಾಜೂ ಬಾಜೂದ್ದು ಬಿಗಿ ಮಾಡಬಾರದು. ಒಂದು ಬಿಗಿ ಮಾಡಿದ ಮೇಲೆ ಅದರ ಎದುರಿನದು. ಹೊರಸಿಗೆ ನುಲಿ ಜಗ್ಗುವಾಗ ನಾಲ್ಕೂ ಕಡೆ ಸಮ ನೋಡ್ತೀವಲ್ಲ, ಹಂಗ. ಮೊದಲು ಕೈಯಿಂದ, ಗಾಡಿ ಇಳಿಸಿದ ಮೇಲೆ ಪಾನಾದಿಂದ ಪೂರಾ ಬಿಗಿ. ಹತ್ತಿಪ್ಪತ್ತು ಕಿಲೋಮೀಟರ್ ಹೋದ ಮೇಲೆ ಒಮ್ಮೆ ಮತ್ತ ನೋಡಿರಿ. ಕೆಲವು ಕಾರಿಗೆ ಸಣ್ಣ ಸ್ಟೆಪ್ನಿ ಕೊಟ್ಟಿರುತ್ತಾರೆ. ಅದರ ಮೇಲೆ 80 ಅಂತ ಬರೆದಿರುತ್ತದೆ. ತಾಸಿಗೆ 80 ಕಿಲೋಮೀಟರಿಗಿಂತ ಜೋರು ಹೊಡೆಯಬಾರದು ಅಂತ ಅದರ ಅರ್ಥ. ಅಂಗಡಿ ಮುಟ್ಟುವ ತನಕ ಮಾತ್ರ ಅದು.

ಬಾಡಿಗೆ ಜೀಪಿನಲ್ಲಿ ಹೋಗುವವರು ಹತ್ತುವ ಮೊದಲು ಒಂದು ಮಾತು ಕೇಳ್ರಿ: 'ಸ್ಟೆಪ್ನಿಗೆ ಹವಾ ಅದ ಏನಪ್ಪಾ?' ಸ್ಟೆಪ್ನಿ ಇರ್ತದ, ಹವಾ ಇರಂಗಿಲ್ಲ. ಮನ್ಯಾಗ ದೇವರ ಕೋಣಿ ಇದ್ದು ದೇವರಿಲ್ಲದಂಗ. ಇನ್ನೊಂದು ಸಂಗತಿ. 2020ರಲ್ಲಿ ಸರಕಾರ ನಿಯಮ ಬದಲಿಸಿತು. ಟ್ಯೂಬ್‌ಲೆಸ್ ಟೈರು, ಪಂಕ್ಚರ್ ತೆಗೆಯುವ ಕಿಟ್ಟು, ಹವಾ ಕಡಿಮೆ ಆದರೆ ಎಚ್ಚರಿಸುವ ಯಂತ್ರ, ಈ ಮೂರೂ ಇರುವ ಸಣ್ಣ ಕಾರಿಗೆ ಸ್ಟೆಪ್ನಿ ಕೊಡಲೇಬೇಕೆಂದಿಲ್ಲ. ಅದಕ್ಕೆ ಹೊಸ ಕಾರಿನಲ್ಲಿ ದೂರ ಹೋಗುವವರು ಡಿಕ್ಕಿ ತೆಗೆದು ನೋಡಿಯೇ ಹೊರಡಬೇಕು.

ಪಂಕ್ಚರ್ ಅಂಗಡಿಯಲ್ಲಿ ಏನು ನೋಡಬೇಕು? ಟ್ಯೂಬಿನ ಗಾಲಿ ಆದರೆ ಅಂಗಡಿಯವರು ಟ್ಯೂಬು ತೆಗೆದು, ಹವಾ ತುಂಬಿ, ನೀರಿನ ಬುಟ್ಟಿಯಲ್ಲಿ ಅದ್ದುತ್ತಾರೆ. ಗುಳ್ಳೆ ಬಂದ ಕಡೆ ತೂತು. ಅಲ್ಲಿ ಗುರುತು ಮಾಡಿ, ಒರೆಸಿ, ಉಜ್ಜಿ, ಸೊಲ್ಯೂಷನ್ ಹಚ್ಚುತ್ತಾರೆ. ಸೊಲ್ಯೂಷನ್ ಹಸಿ ಇದ್ದಾಗ ಪ್ಯಾಚ್ ಹಾಕಿದರೆ ಹಿಡಿಯುವುದಿಲ್ಲ. ಬೆರಳು ಇಟ್ಟರೆ ಒದ್ದೆ ಹತ್ತಬಾರದು, ಅಷ್ಟು ಒಣಗಬೇಕು. 'ಲಗು ಮಾಡೋ ಮಾರಾಯಾ' ಅಂತ ನಾವೇ ಅವಸರ ಮಾಡ್ತೀವಿ, ನಾಳೆ ಅದೇ ಪ್ಯಾಚ್ ಎದ್ದಾಗ ಅವರಿಗೇ ಬೈತೀವಿ.

ಮುಖ್ಯ ಮಾತು ಇಲ್ಲಿ ಅದ. ಟ್ಯೂಬು ರಿಪೇರಿ ಆಯಿತು, ಆದರೆ ಮುಳ್ಳು? ಮುಳ್ಳು ಇನ್ನೂ ಟೈರಿನ ಒಳಗೇ ಇರುತ್ತದೆ. ನಮ್ಮ ಕಡೆ ಹೆಚ್ಚು ಪಂಕ್ಚರ್ ಮೊಳೆಯಿಂದ ಅಲ್ಲ, ಜಾಲಿ ಮುಳ್ಳಿನಿಂದ. ಅದರಲ್ಲೂ ಬಳ್ಳಾರಿ ಜಾಲಿ. ಹೆಸರು ಬಳ್ಳಾರಿ, ಖರೇ ಅಂದ್ರ ಅದು ಅಮೆರಿಕಾ ಖಂಡದ ಗಿಡ. ಉರುವಲಿಗೆ, ಬೇಲಿಗೆ ಅಂತ ನಮ್ಮ ದೇಶಕ್ಕ ತಂದರು, ಈಗ ಹಳ್ಳ, ಬೀಳು, ರಸ್ತೆ ಬದಿ ಎಲ್ಲಾ ಅದೇ. ಅದರ ಟೊಂಗಿ ಕಡಿದು ರಸ್ತೆ ಮ್ಯಾಲಿಂದ ಎಳಕೊಂಡು ಹೋದ್ರ ಹಿಂದೆ ಬರೋ ಎಲ್ಲಾ ಗಾಡಿಗೂ ಪಂಕ್ಚರ್. ಆ ಮುಳ್ಳು ಟೈರಿನಲ್ಲಿ ಮುರಿದು ಕೂಡುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಟೈರಿನ ಒಳಗೆ ಬಟ್ಟೆ ಆಡಿಸಿ ನೋಡಬೇಕು. ಎಲ್ಲಿ ಬಟ್ಟೆ ಸಿಗಬೀಳುತ್ತದೋ ಅಲ್ಲಿ ಮುಳ್ಳು. ಬರೀ ಕೈ ಆಡಿಸಿದರೆ ಬೆರಳಿಗೂ ಪಂಕ್ಚರ್! ಒಂದೇ ಜಾಗದಲ್ಲಿ ಎರಡು ಸಲ ಪಂಕ್ಚರ್ ಆದರೆ ಹಳೆಯ ಮುಳ್ಳು ತೆಗೆದಿಲ್ಲ ಅಂತ ತಿಳಿಯಿರಿ.

ಟ್ಯೂಬ್‌ಲೆಸ್ ಟೈರಿನ ಲೆಕ್ಕ ಬೇರೆ. ಮೊಳೆ ಚುಚ್ಚಿದರೂ ಅದರಲ್ಲಿ ಹವಾ ಒಮ್ಮೆಲೇ ಹೋಗುವುದಿಲ್ಲ. ಮೊಳೆಯೇ ತೂತಿಗೆ ಬೆಣೆ ಆಗಿರುತ್ತದೆ. ಕಂಡ ಕೂಡಲೇ ಕೀಳಬ್ಯಾಡ್ರಿ. ಕಿತ್ತರೆ ಅಲ್ಲೇ ಸುಸ್ ಅಂತದ. ಹವಾ ಇರುವಾಗಲೇ ಮೆಲ್ಲಕ ಅಂಗಡಿಗೆ ಹೋಗಿರಿ. ಅಲ್ಲಿ ಸಾಬೂನಿನ ನೀರು ಹಚ್ಚಿ ಗುಳ್ಳೆ ನೋಡಿ, ಸೂಜಿಯಿಂದ ರಬ್ಬರ್ ಬತ್ತಿ ತುಂಬುತ್ತಾರೆ. ಗಾಲಿ ಬಿಚ್ಚುವುದೇ ಬೇಕಿಲ್ಲ. ಟೈರಿನ ಬದಿಗೆ, ಅಂದರೆ ಅಕ್ಷರ ಬರೆದ ಜಾಗದಲ್ಲಿ ತೂತು ಬಿದ್ದಿದ್ದರೆ ಮಾತ್ರ ರಿಪೇರಿ ಮಾಡಿಸಬಾರದು. ಆ ಜಾಗ ಓಡುವಾಗ ಮಡಚಿ ಬಿಚ್ಚುತ್ತಿರುತ್ತದೆ, ಬತ್ತಿ ನಿಲ್ಲುವುದಿಲ್ಲ.

ಮೋಸದ ಮಾತೂ ಕೇಳ್ತೀರಿ. 'ಒಂದು ಪಂಕ್ಚರಿಗೆ ಹೋದೆ, ಐದು ಅಂದ' ಅಂತ. ಅಂಥವರು ಎಲ್ಲೋ ಇರ್ತಾರ. ನಾನು ಕಂಡ ಪಂಕ್ಚರ್ ಅಂಗಡಿಯವರು ಬಹಳ ಮಂದಿ ಬಿಸಿಲಾಗ ಮೈ ಸುಟ್ಟಕೊಂಡು ದುಡಿಯೋರು. ರಾತ್ರಿ ಎಬ್ಬಿಸಿದ್ರೂ ಎದ್ದು ಬರ್ತಾರ. ಉಪಾಯ ಸರಳ ಅದ. ರೇಟು ಮೊದಲೇ ಕೇಳ್ರಿ. ಗಾಡಿ ಬಿಟ್ಟು ಚಹಾ ಕುಡಿಯಾಕ ಹೋಗಬ್ಯಾಡ್ರಿ. ಪ್ರತಿ ತೂತಿನ ಗುಳ್ಳೆ ನಿಮ್ಮ ಕಣ್ಣಿಲೆ ನೋಡ್ರಿ. ಗುಳ್ಳೆ ಇಲ್ಲ ಅಂದ್ರ ಪಂಕ್ಚರ್ ಇಲ್ಲ.

ಲಾರಿ, ಟ್ರೇಲರಿನ ದೊಡ್ಡ ಗಾಲಿಗೆ ಹವಾ ತುಂಬುವಾಗ ಅದರ ಎದುರಿಗೆ ನಿಲ್ಲಬೇಡಿ. ರಿಮ್ಮಿಗೆ ಉಂಗುರದಂಥ ರಿಂಗು ಕೂಡಿಸಿರುತ್ತಾರೆ. ಅದು ಸರಿಯಾಗಿ ಕೂತಿಲ್ಲದಿದ್ದರೆ ಗುಂಡಿನಂತೆ ಹಾರುತ್ತದೆ. ಅಂಗಡಿ ಮುಂದೆ ಆಡುವ ಸಣ್ಣ ಹುಡುಗರನ್ನು ದೂರ ಕಳಿಸಿರಿ.

ಈಗ ಅಂಕಿಯ ಪಾಠ. ಟೈರಿನ ಬದಿಗೆ ಬೆರಳಷ್ಟು ಉದ್ದದ ಮೊಟ್ಟೆ ಆಕಾರದ ಗೆರೆ ಇರುತ್ತದೆ. ಅದರೊಳಗೆ ನಾಲ್ಕು ಅಂಕಿ. ಹಲಗೆ ನೋಡ್ರಿ, 2319 ಅಂತ ಬರೆದೀನಿ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ಅಂದರೆ ಈ ಟೈರು 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾಗಿದೆ. ಹೊಸ ಟೈರು ಅಂತ ಕೊಡುವಾಗ ಅಂಗಡಿಯವರ ಬಾಯಿ ನೋಡಬ್ಯಾಡ್ರಿ, ಈ ನಾಲ್ಕು ಅಂಕಿ ನೋಡ್ರಿ. ರಬ್ಬರು ಮೂಲೆಯಲ್ಲಿ ಇಟ್ಟರೂ ಮುದುಕ ಆಗುತ್ತದೆ. ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಟೈರಿನ ಗೆರೆಗಳೂ ಸವೆಯುತ್ತವೆ. ಕಾರಿನ ಟೈರಿನ ಗೆರೆ 1.6 ಮಿಲಿಮೀಟರ್ ಆಳಕ್ಕೆ ಬಂತು ಅಂದರೆ ಅದರ ಕಾಲ ಮುಗಿಯಿತು. ಅಷ್ಟು ಸಣ್ಣ ಅಳತೆ ಹ್ಯಾಂಗ ನೋಡೂದು? ಗೆರೆಯ ತಳದಲ್ಲಿ ಅಲ್ಲಲ್ಲಿ ಸಣ್ಣ ದಿನ್ನೆ ಬಿಟ್ಟಿರುತ್ತಾರೆ. ಟೈರು ಸವೆದು ದಿನ್ನೆಗೆ ಸಮ ಆಯಿತೆಂದರೆ ಬದಲಿಸಬೇಕು. ಸವೆದ ಟೈರಿಗೆ ಮುಳ್ಳು ಬೇಗ ನಾಟುತ್ತದೆ.

ಹವಾ ಎಷ್ಟು ಹಾಕಬೇಕು ಅಂತಲೂ ಗಾಡಿಯ ಮೇಲೆಯೇ ಬರೆದಿರುತ್ತದೆ. ಕಾರಿನಲ್ಲಿ ಡ್ರೈವರ್ ಬಾಗಿಲು ತೆಗೆದರೆ ಚೀಟಿ ಕಾಣುತ್ತದೆ. ಬೈಕಿನಲ್ಲಿ ಸರಪಳಿಯ ಹತ್ತಿರ ಚೀಟಿ ಇರುತ್ತದೆ, ಇಲ್ಲಾ ಪುಸ್ತಕದಲ್ಲಿ. ಒಬ್ಬರು ಕೂತರೆ ಒಂದು ಅಂಕಿ, ಇಬ್ಬರು ಕೂತರೆ ಹೆಚ್ಚಿನ ಅಂಕಿ. ಟೈರಿನ ಮೇಲೆ ಬರೆದ ದೊಡ್ಡ ಅಂಕಿ ಅದಲ್ಲ. ಅದು ಟೈರು ತಡೆಯುವ ಕಡೇ ಮಿತಿ. ಪೆಟ್ರೋಲ್ ಪಂಪಿನಲ್ಲಿ ಹವಾ ಪುಕ್ಕಟೆ ಹಾಕಬೇಕು, ಅದು ನಿಯಮ. ಪೆಟ್ರೋಲ್ ಹಾಕಿಸದಿದ್ದರೂ ಕೇಳಬಹುದು. ಬೇಸಿಗೆಯಲ್ಲಿ ಓಡಿ ಬಂದ ಬಿಸಿ ಟೈರಿನ ಹವಾ ನೋಡಿದರೆ ಹೆಚ್ಚು ತೋರಿಸುತ್ತದೆ. ಹೆಚ್ಚಾಯಿತು ಅಂತ ಬಿಡಬ್ಯಾಡ್ರಿ. ಆರಿದ ಮೇಲೆ ಅದು ಕಡಿಮೆ ಆಗುತ್ತದೆ. ಮುಂಜಾನೆ ತಂಪಿನಲ್ಲಿ ನೋಡುವುದೇ ಸರಿ.

ಕೊನೆಗೆ ನೋಟುಬುಕ್ ತಗೀರಿ. ಮೂರು ನಂಬರ್ ಬರಕೋರಿ. 112. ಯಾವುದೇ ಗಂಡಾಂತರಕ್ಕೆ ಪೊಲೀಸರು ಸಿಗುವ ನಂಬರ್. 108. ಅಂಬ್ಯುಲೆನ್ಸ್. 1033. ಇದು ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟಾಗ. ಫೋನ್ ಮಾಡಿದರೆ ಮೊದಲು ಕೇಳುವುದು 'ಎಲ್ಲಿದ್ದೀರಿ?' ಅಂತ. 'ಇಲ್ಲೇ ಬೇವಿನ ಗಿಡದ ಹತ್ತಿರ' ಅಂದ್ರ ಅವರಿಗೆ ತಿಳಿಯಂಗಿಲ್ಲ. ರಸ್ತೆ ಬದಿಯ ಕಲ್ಲು ನೋಡಿರಿ. ತಲೆಗೆ ಹಳದಿ ಬಣ್ಣ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಅದರ ಮೇಲಿನ ಊರು, ಕಿಲೋಮೀಟರ್ ಹೇಳಿರಿ. ಅಕ್ಷರ ಮರಾಠಿಯದಾದರೂ ಅಂಕಿಗೆ ಅಂಜಬ್ಯಾಡ್ರಿ. ಅವರ ಎರಡು, ಮೂರು ನಮ್ಮ ೨, ೩ರ ಬಳಗದ್ದೇ. ಒಂದು, ಐದು ಬ್ಯಾರೆ, ಅವನ್ನ ಈ ವಾರ ಕಲಿಯೂಣು.

ಬೇರೆಯವರ ಗಾಡಿ ನಿಂತಿದ್ದು ಕಂಡರೆ, ಪೆಟ್ಟಾಗಿದ್ದು ಕಂಡರೆ ನಿಂತು ಕೈ ಹಚ್ಚಿರಿ. 'ಪೊಲೀಸ್ ಕೇಸು ನಮಗ್ಯಾಕ' ಅನ್ನೋ ಅಂಜಿಕೆ ಈಗ ಬ್ಯಾಡ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಗಿದೆ. ಗಾಯಗೊಂಡವರಿಗೆ ಒಳ್ಳೇ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ. ಹೆಸರು, ವಿಳಾಸ ಹೇಳು ಅಂತ ಒತ್ತಾಯ ಮಾಡುವಂತಿಲ್ಲ. ಸಂಜೆ ಹೊತ್ತು ಹೆಣ್ಣುಮಗಳು ಒಬ್ಬಾಕೆ ಸ್ಕೂಟಿ ದೂಡಿಕೊಂಡು ಹೊಂಟಿದ್ರ, ಗಾಡಿ ಅಡ್ಡ ನಿಲ್ಲಿಸಿ ಮಾತಾಡಿಸಬ್ಯಾಡ್ರಿ. ಆಕೆಗೆ ಅಂಜಿಕೆ ಆಗ್ತದ. ಸ್ವಲ್ಪ ದೂರ ನಿಂತು, 'ಅಕ್ಕಾ, ಪಂಕ್ಚರ್ ಆಗ್ಯದ ಏನ್ರಿ? ಮನಿಗೆ ಫೋನ್ ಮಾಡೀರಿಲ್ಲೋ?' ಅಂತ ಕೇಳಿದ್ರ ಸಾಕು. ಮನ್ಯಾಗಿನ ಹೆಣ್ಣುಮಕ್ಕಳು ಜೋಡಿ ಇದ್ರ ಅವರೇ ಮಾತಾಡಲಿ.

ಮುಂದಿನ ಗುರುವಾರ ಇಲ್ಲೇ ಸಾಲಿ ಅಂಗಳದಾಗ ಒಂದು ಜೀಪು ನಿಲ್ಲಸ್ತೀವಿ. ಅದರ ಗಾಲಿ ಬಿಚ್ಚಿ ಹಾಕೂದು ಮಾಡಿ ತೋರಸ್ತೀವಿ. ಮೊದಲ ನಟ್ಟು ಹೆಣ್ಣುಮಕ್ಕಳೇ ಬಿಚ್ಚಬೇಕು. ಮನ್ಯಾಗ ಬೈಕ್ ಇದ್ದವರು ನಾಳೆ ಮುಂಜಾನೆ ಅದರ ಟೈರಿನ ಮ್ಯಾಲಿನ ನಾಕು ಅಂಕಿ ಓದಿ, ನೋಟುಬುಕ್ಕಿನ್ಯಾಗ ಬರಕೊಂಡು ಬರ್ರಿ. ಧೂಳು ತುಂಬಿರ್ತದ, ಒದ್ದಿ ಅರಿವೀಲೆ ಒರಿಸಿದ್ರ ಕಾಣ್ತದ.